ಸೆರಗಿನ ಬೆಳ್ಳುಳ್ಳಿ

ಕಾಂತಿಯ ಸೆರಗಿನ ಗಂಟು ಬಿಚ್ಚಿ ನಾಲ್ಕು ಎಸಳು ಬೆಳ್ಳುಳ್ಳಿ ಜಗಲಿಯ ಮೇಲೆ ಉದುರಿತು.

ಮುನಿರಾಜರು ಎಂಟು ದಿನಗಳಿಂದ ಕಾಯುತ್ತಿದ್ದುದು ಇದಕ್ಕೇ. ಮೂಡಬಿದಿರೆಯ ಆ ಜೈನ ಮನೆಯೊಳಗೆ ಬೆಳ್ಳುಳ್ಳಿ ಎಂದೂ ಬಂದದ್ದಿಲ್ಲ. ಆದರೂ ವಾಸನೆ. ಮಲಗಿದರೆ ವಾಸನೆ, ಊಟಕ್ಕೆ ಕೂತರೆ ವಾಸನೆ. ಹೆಂಡತಿ ಅನಂತಮತಿಯನ್ನು ಕೇಳಿದರೆ, "ನನಗೇನೂ ಬರುವುದಿಲ್ಲ ಮಾರಾಯ್ರೇ" ಎಂದು ಕರ್ಪೂರ ಹಚ್ಚುತ್ತಿದ್ದಳು. ಅವಳ ಮೇಲೆ ಅನುಮಾನ ಪಡುವಂತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದವಳು, ಸೋಸದ ನೀರು ಕುಡಿಯದವಳು. ಉಳಿದದ್ದು ಸೊಸೆ ಕಾಂತಿ.

"ಆಚೆಮನೆ ಸೇಸಮ್ಮ ಕೊಟ್ಟದ್ದಾ?"

"ಹೌದು ಮಾವ."

"ಎಷ್ಟು ದಿನದಿಂದ ತಿನ್ನುತ್ತಿದ್ದೀ?"

"ನಾನು ತಿನ್ನಲಿಲ್ಲ. ಈ ಮನೆಯಲ್ಲಿ ಯಾರೂ ತಿನ್ನಲಿಲ್ಲ."

"ಮತ್ತೆ ಯಾರಿಗೆ ತಂದದ್ದು?"

ಕಾಂತಿ ಬಾಗಿಲಲ್ಲಿದ್ದ ಅತ್ತೆಯನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

"ಬಟ್ಟೆ ಕಟ್ಟು. ಇವತ್ತಿನ ಬಸ್ಸಿಗೇ ವೇಣೂರಿಗೆ, ನಿನ್ನ ತವರಿಗೆ."

"ಡಾಕ್ಟರು ಬಂದು ಹೋಗಲಿ," ಅನಂತಮತಿ ಅಂದಳು. "ಆಮೇಲೆ ಕಳಿಸುವ."

ಡಾಕ್ಟರು ಎಂದೊಡನೆ ಮುನಿರಾಜರು ಬಟ್ಟೆ ಸುತ್ತಿದ ಕಾಲನ್ನು ಹತ್ತಿರಕ್ಕೆಳೆದುಕೊಂಡರು. ಹಿಮ್ಮಡಿಯ ಹುಣ್ಣು ಎರಡು ತಿಂಗಳಾದರೂ ಮಾಗಿರಲಿಲ್ಲ. ಪೆನಿಸಿಲಿನ್ ಊರಿಗೆ ಹೊಸತಾಗಿ ಬಂದಿದ್ದ ಕಾಲ. ಅದನ್ನು ಚುಚ್ಚಿದ ದಿನ ಅವರ ಮೈಯೆಲ್ಲ ಬಾತು ಉಸಿರು ಕಟ್ಟಿತ್ತು, ಮತ್ತೆ ಕೊಡುವಂತಿರಲಿಲ್ಲ. ಕೀವು ಮೇಲೇರಿದರೆ ಮಂಗಳೂರಿಗೆ ಹೋಗಿ ಪಾದ ತೆಗೆಸಬೇಕು ಎಂದಿದ್ದರು ಡಾಕ್ಟರ್ ಕಮಲಾಕ್ಷ. ಅದು ಇವತ್ತು ತೀರ್ಮಾನವಾಗಬೇಕಿತ್ತು.

ಹನ್ನೊಂದಕ್ಕೆ ಡಾಕ್ಟರು ಬಂದಾಗ ಕಾಂತಿ ಟ್ರಂಕು ಹಿಡಿದು ಜಗಲಿಯಲ್ಲಿ ನಿಂತಿದ್ದಳು. ಅವರು ಒಳಗೆ ಹೋಗಿ ಹುಣ್ಣಿಗೆ ಕಟ್ಟಿದ ಬಟ್ಟೆ ಕತ್ತರಿಸಿದರು. ಮುನಿರಾಜರು ಗೋಡೆಯ ಕಡೆ ಮುಖ ತಿರುಗಿಸಿದರು. ಕತ್ತರಿಯ ಸದ್ದು ನಿಂತಿತು. ಡಾಕ್ಟರು ಪಾದವನ್ನೆತ್ತಿ ಬೆಳಕಿಗೆ ಹಿಡಿದರು.

"ತೆಗೆಸಬೇಕಾ ಡಾಕ್ಟ್ರೇ?"

"ಬೇಡ. ಕೀವು ನಿಂತಿದೆ. ಹೊಸ ಚರ್ಮ ಬರ್ತಾ ಉಂಟು."

ಮುನಿರಾಜರಿಗೆ ಕಣ್ಣು ತುಂಬಿತು. ಡಾಕ್ಟರು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರು.

"ಇದು ನಾನು ಕೊಟ್ಟ ಮುಲಾಮು ಅಲ್ಲ. ಬೆಳ್ಳುಳ್ಳಿ ರಸ. ಹುಣ್ಣಿನ ಕ್ರಿಮಿಗಳನ್ನು ಕೊಲ್ಲುತ್ತದೆ ಅಂತ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. ಯಾರ ಕೆಲಸ ಇದು?"

ಮುನಿರಾಜರು ತಮ್ಮ ಪಾದವನ್ನು ನೋಡಿದರು. ಆಮೇಲೆ ಜಗಲಿಯ ಕಡೆ ತಿರುಗಿ, "ಕಾಂತೀ, ಒಳಗೆ ಬಾ ಮಗಾ" ಎಂದರು.

"ಅವಳು ತಂದುಕೊಟ್ಟದ್ದು ಮಾತ್ರ," ಅನಂತಮತಿ ಅಂದಳು. "ಅರೆದು ಹಚ್ಚಿದ್ದು ನಾನು."