ವಾಸನೆಯ ಠೇವಣಿ

ಮಕ್ಕಳಾದವರೆಲ್ಲ ಮಾಡುವಂತೆ ಸುಲೋಚನಾ ಕೂಡ ಮಗಳನ್ನು ಎತ್ತಿಕೊಂಡು ಬ್ಯಾಂಕಿಗೆ ಹೋದಳು. ಅವಳು ಬಸುರಿಯಾಗಿದ್ದಾಗಲೇ ಗಂಡ ಧರಣೇಶ ತನ್ನ ನಾಲಿಗೆಯ ರುಚಿಯನ್ನು ಠೇವಣಿ ಇಟ್ಟಿದ್ದ. ಅದರ ಬಡ್ಡಿ ಹೆರಿಗೆಗೆ, ಲಸಿಕೆಗೆ ಸರಿಹೋಗಿತ್ತು. ಮಗಳ ಓದಿಗೆಂದು ಈಗ ಇವಳು ವಾಸನೆ ತಿಳಿಯುವ ಶಕ್ತಿಯನ್ನು ಇಡಬೇಕಿತ್ತು.

"ಹದಿನೆಂಟು ವರ್ಷ ಆದ್ಮೇಲೆ ಪೂರ್ತಿ ವಾಪಸ್ ಬರುತ್ತಮ್ಮ," ಎಂದರು ಕೌಂಟರಿನ ಹೆಂಗಸು. "ಕೊನೇ ಸಲ ಏನಾದ್ರೂ ಮೂಸಿ ನೋಡ್ತೀರಾ? ಕೆಲವರು ಮಲ್ಲಿಗೆ ತರ್ತಾರೆ."

ಸುಲೋಚನಾ ಮಗಳ ನೆತ್ತಿಗೆ ಮೂಗು ಒತ್ತಿದಳು. ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಆ ಹೆಂಗಸು ಅವಳ ಮೂಗಿಗೆ ತಣ್ಣನೆಯ ಕೊಳವೆ ಹಿಡಿದರು. ನೋವೇನೂ ಆಗಲಿಲ್ಲ.

ಸಂಜೆ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದಾಗ ಅದು ಅವಳ ಕಣ್ಣಿಗೆ ಮಾತ್ರ ತಿಳಿಯಿತು. ಕೆಲಸದಿಂದ ಬಂದ ಧರಣೇಶ ಕೈಕಾಲು ತೊಳೆದು ಮಗಳನ್ನು ಎತ್ತಿಕೊಂಡ.

"ಹೇಗಿದೆ, ಹೇಳ್ರೀ," ಎಂದಳು.

ಅವನು ಮೂಸಿದ. "ಸಾಂಬ್ರಾಣಿ. ಕೊಬ್ಬರಿ ಎಣ್ಣೆ. ಕುತ್ತಿಗೆ ಹತ್ರ ಹಾಲಿನ ಹುಳಿ ವಾಸನೆ ಬರ್ತಿದೆ ಕಣೆ."

ಅದು ಅವಳಿಗೆ ಗೊತ್ತೇ ಆಗಿರಲಿಲ್ಲ. ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಕುತ್ತಿಗೆಯ ಮಡಿಕೆಗಳನ್ನು ಬಿಡಿಸಿ ಬಿಡಿಸಿ ಒರೆಸಿದಳು.

"ಈಗ?"

ಅವನು ಮತ್ತೆ ಬಾಗಿದ. ತುಸು ಹೊತ್ತು ತಲೆ ಎತ್ತಲಿಲ್ಲ.

"ಈಗ ಬರೀ ಪಾಪು ವಾಸನೆ," ಎಂದ.

"ಸರಿ," ಎಂದು ಅವಳು ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದಳು.