ಗೌರವ್ವನ ಅಡುಗೆಮನೆಯವಳು

ಬದನೆಕಾಯಿಯನ್ನು ಸೀಳಿದ್ದೇ ಒಳಗಿಂದ ಬಿಳಿ ಹುಳ ಹೊರಳಿತು. ಗೌರವ್ವ ಅದನ್ನು ಚಾಕುವಿನ ತುದಿಯಿಂದ ಎತ್ತಿ ಸಿಂಕಿಗೆ ಹಾಕುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕೈ ಅಲ್ಲೇ ನಿಂತಿತು.

ಪಕ್ಕದಲ್ಲಿ ಶೇಂಗಾ ಕುಟ್ಟುತ್ತಿದ್ದ ರಾಜೀವಿ ವೇಲಿಗೆ ಕೈ ಒರೆಸಿಕೊಂಡು ಬಾಗಿಲ ಕಡೆ ಹೊರಟಳು. ವಾರವೆಲ್ಲ ಸಲ್ವಾ ಬಡಾವಣೆಯಲ್ಲಿ ನೆಲ ಒರೆಸುವ ಹೆಂಗಸು. ಇವತ್ತು ಶುಕ್ರವಾರ, ವಾರದ ರಜೆ, ಮನೆಯಲ್ಲಿದ್ದಳು.

"ನೀ ಇಲ್ಲೇ ಇರವಾ," ಗೌರವ್ವ ಅವಳ ತೋಳು ಹಿಡಿದಳು. "ಯಾರರ ಏನರ ಕೇಳಿದ್ರ ಬಾಯಿ ತಗೀಬ್ಯಾಡ. ತಗದ್ರ ಎಲ್ಲಾ ಮುಗೀತು."

"ಆಯ್ತು ಅಮ್ಮ. ನೀವು ಹೆದರ್ಬೇಡಿ."

ಗೌರವ್ವನ ಗಂಡ ಚನ್ನಬಸಯ್ಯ ಬಾಗಿಲ ಕಿಂಡಿಗೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು. ಆಮೇಲೇ ಹೆಂಡತಿಯ ಕಡೆ ತಿರುಗಿ ತಲೆಯಾಡಿಸಿದರು. ಪೊಲೀಸರಲ್ಲ. ತಾವೇ ಊಟಕ್ಕೆ ಕರೆದವರು.

ಕೊಲ್ಲಿ ದೇಶದ ಖೈತಾನ್ ಬಡಾವಣೆಯ ಆ ಓಣಿಯಲ್ಲಿ ಬೇಸಿಗೆಯಿಡೀ ಒಂದೇ ಮಾತು. ಹೊಸ ಕಾಯ್ದೆಯ ಕರಡು ಸಂಸತ್ತಿನ ಸಮಿತಿಯ ಮುಂದಿತ್ತು. ಇಕಾಮಾ, ಅಂದರೆ ವಾಸದ ಪರವಾನಗಿ, ಇಲ್ಲದವರನ್ನು ಮನೆಯಲ್ಲಿಟ್ಟುಕೊಂಡರೆ ಇಟ್ಟುಕೊಂಡವರನ್ನೂ ದೇಶದಿಂದ ಹೊರಗೆ ಹಾಕುವುದು. ಅನುಮಾನ ಬಂದ ಮನೆಯನ್ನು ಹೇಳದೆ ಕೇಳದೆ ಶೋಧಿಸುವುದು. ನೆರೆಯವರು ಸುದ್ದಿ ಕೊಡಲೇಬೇಕು. ಇದು ಬೇಡವೆಂದು ಕನ್ನಡಿಗರು ಚಳಿಗಾಲದಲ್ಲೇ ಒಂದು ಮನವಿ ಪತ್ರ ಬರೆದಿದ್ದರು. ಅದಿನ್ನೂ ಹೋಗಿರಲಿಲ್ಲ. ಸಹಿ ಹಾಕಿ ಸಿವಿಲ್ ಐಡಿ, ಅಂದರೆ ಸರಕಾರಿ ಗುರುತಿನ ಚೀಟಿಯ, ನಂಬರ್ ಬರೆಯಬೇಕು. ಮೊದಲು ಬರೆಯುವವರೇ ಇಲ್ಲ. ರಜೆ ಮುಗಿದು ಸಮಿತಿ ಕೂಡುವ ಮೊದಲು ತಲುಪದಿದ್ದರೆ ಅದು ಬರೀ ಕಾಗದ.

ತೈಲ ಕಂಪನಿಯ ಎಂಜಿನಿಯರ್ ಪ್ರವೀಣ, ಅವನ ಹೆಂಡತಿ ಕಾಂಚನಾ, ಕಿರಾಣಿ ಅಂಗಡಿಯ ಮಮ್ಮಾಲಿ, ಮೂವರೂ ತಟ್ಟೆಯ ಮುಂದೆ ಕೂತರು.

"ಇದು ಪ್ರಿನ್ಸಿಪಲ್ ಪ್ರಶ್ನೆ ಸರ್," ಪ್ರವೀಣ ರೊಟ್ಟಿ ಅಗಿಯುತ್ತಲೇ ಹೇಳಿದ. "ನಾಳೆ ಪೊಲೀಸ್ರು ನಮ್ಮ ಬೆಡ್‌ರೂಮಿಗೂ ಬರ್ತಾರ. ನಮ್ಮಂಥಾವ್ರ ರೆಸ್ಪೆಕ್ಟ್ ಏನ್ ಉಳೀತು?"

"ಕೆಲಸಾ ಬಿಟ್ಟು ಓಡಿಬಂದ ಹೆಂಗಸರಿಂದ ನಮಗ ಈ ಗತಿ," ಎಂದಳು ಕಾಂಚನಾ. ಅವಳ ಕಣ್ಣು ಅಡುಗೆಮನೆಯ ಕಡೆಗಿತ್ತು. "ಅವರನ್ನ ಹಿಡೀಲಿ, ಬ್ಯಾಡಂತ ಯಾರಂದ್ರು? ನಮ್ಮ ಮನೀಗೆ ಬರಬಾರದಷ್ಟ."

ಗೌರವ್ವ ಎಣ್ಣೆಗಾಯಿ ಬಡಿಸಿದಳು. ಸೌಟು ತಟ್ಟೆಗೆ ತಾಗಿ ಸದ್ದಾಯಿತು.

"ಈ ಮನೆಗೆ ಬಂದ ಮೇಲೆ ನಿಮ್ಮನ್ನು ಅಂಗಡಿಯಲ್ಲಿ ಕಾಣ್ಲೇ ಇಲ್ಲ ಗೌರವ್ವ," ಮಮ್ಮಾಲಿ ಕೇಳಿದ. "ಯಾವಾಗ್ಲೂ ಆ ಹೆಂಗಸೇ ಬರುದು."

"ಮೊಣಕಾಲ ನೋವಪ್ಪಾ."

"ರಸ್ತೆಯಲ್ಲಿ ಇಷ್ಟು ಚೆಕಿಂಗ್ ಇರುವಾಗ ಅವಳನ್ನು ಕಳಿಸ್ತೀರಲ್ಲ. ಭಾರೀ ಧೈರ್ಯ ಮಾರಾಯ್ರೆ ನಿಮ್ಗೆ."

"ಧೈರ್ಯ ಅಕೀದು," ಎಂದರು ಚನ್ನಬಸಯ್ಯ.

ಸಹಿಗೆಂದು ಚನ್ನಬಸಯ್ಯ ಮುಂದಿಟ್ಟಿದ್ದ ಮನವಿಯನ್ನು ಪ್ರವೀಣ ಎಣ್ಣೆ ಬೆರಳಿನಲ್ಲೇ ಎತ್ತಿ, ಭೇಷ್ ಎಂದು, ತಟ್ಟೆಯ ಪಕ್ಕಕ್ಕಿಟ್ಟ. ಹಾಳೆಯ ಮೂಲೆ ಹಳದಿಯಾಯಿತು. ಅವನ ಕಂಪನಿಯ ಕರಾರಿನಲ್ಲಿ ಇಂಥದ್ದಕ್ಕೆ ಸಹಿ ಹಾಕುವಂತಿಲ್ಲ. ಮಮ್ಮಾಲಿಯ ಅಂಗಡಿ ಇರುವುದು ಅರಬ್ಬೀ ಕಫೀಲನ, ಅಂದರೆ ಜಾಮೀನು ನಿಂತ ಧಣಿಯ, ಹೆಸರಿನಲ್ಲಿ. ಅವನು ಮುನಿದರೆ ಖಲಾಸ್. ಕಾಂಚನಾ ಗಂಡನ ವೀಸಾದ ಮೇಲೆ ಬಂದವಳು. ಪೆನ್ನು ಒಂದು ಸುತ್ತು ತಿರುಗಿ ಚನ್ನಬಸಯ್ಯನವರ ಮುಂದೆ ಬಂತು.

"ಹಿರಿಯರು ನೀವು ಸರ್. ನಿಮ್ಮಿಂದ ಸುರು ಆಗಲಿ," ಎಂದ ಪ್ರವೀಣ.

"ನಂದು ಕಡೀಕಿರಲಿ."

"ನಿಮ್ಮ ಶರ್ಕ್ ಆಫೀಸಿನೋರಿಂದರ ಹಾಕಸ್ರಿ."

"ಅಲ್ಲಿ ಈಗ ಯಾರೂ ಇಲ್ಲ."

"ಹೌದಲ್ಲ, ಎಲ್ಲಾ ಸೂಟಿ ಮ್ಯಾಲೆ ಊರಿಗೆ ಹೋಗಿರ್ತಾರ," ಪ್ರವೀಣ ನಕ್ಕ. ಚನ್ನಬಸಯ್ಯನವರೂ ನಕ್ಕರು.

ಗಂಡನ ಆ ನಗು ಕಂಡು ಗೌರವ್ವನಿಗೆ ಹೇಸಿಗೆಯಾಯಿತು. ಇವರಿಗೆ ಬಡಿಸುತ್ತಿರುವ ತನ್ನ ಕೈ ಕಂಡೂ ಹೇಸಿಗೆಯಾಯಿತು.

ಕೈ ತೊಳೆಯುವ ನೆವದಲ್ಲಿ ಕಾಂಚನಾ ಅಡುಗೆಮನೆಗೆ ಬಂದಳು. ರಾಜೀವಿಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಿನ್ನ ಇಕಾಮಾ ಎಲ್ಲೈತಿ?"

ರಾಜೀವಿ ಗೌರವ್ವನ ಮುಖ ನೋಡಿದಳು. ತಲೆ ತಗ್ಗಿಸಿದಳು.

"ಗೊತ್ತಿತ್ತು," ಎಂದಳು ಕಾಂಚನಾ. "ನಿಮ್ಮ ಒಳ್ಳೇದಕ್ಕ ಹೇಳ್ತೀನಿ ಅಕ್ಕಾ, ಇಕೀನ್ನ ಸಾಗಹಾಕ್ರಿ. ಕಾಯ್ದೆ ಬಂದ ದಿನಾ ಫೋನ್ ಮಾಡೂದು ನನ್ನ ಡ್ಯೂಟಿ ಆಗ್ತದ. ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ." ಒಲೆಯ ಕಡೆ ನೋಡಿದಳು. "ಎಣ್ಣಿಗಾಯಿ ಭಾಳ ಛಲೋ ಆಗಿತ್ತು. ಇನ್ನೂ ಉಳದೈತೇನ್ರಿ?"

ಗೌರವ್ವ ಡಬ್ಬಿಗೆ ತುಂಬಿ ಕೊಟ್ಟಳು. ಕಾಂಚನಾ ಮುಚ್ಚಳ ಭದ್ರವಾಗಿದೆಯೇ ಎಂದು ಒತ್ತಿ ನೋಡಿ ತೆಗೆದುಕೊಂಡು ಹೋದಳು.

ಮೂವರೂ ಹೋದ ಮೇಲೆ ಗೌರವ್ವ ಬಾಗಿಲಿಗೆ ಚಿಲಕ ಹಾಕಿ ಬಂದಳು. ಎಂಜಲು ತಟ್ಟೆಗಳ ನಡುವೆ ಮನವಿ ಹಾಗೇ ಬಿದ್ದಿತ್ತು, ಕೆಳಭಾಗ ಖಾಲಿ.

"ಕಾಯ್ದೆ ಬಂದ್ರ ಬ್ಯಾರೆ ದಾರಿ ನೋಡೂಣು," ಚನ್ನಬಸಯ್ಯ ನೆಲ ನೋಡುತ್ತ ಹೇಳಿದರು. "ಒಬ್ಬರ ಸಲುವಾಗಿ ಇನ್ನೊಬ್ಬರು ಹಾಳಾಗೂದು ಬ್ಯಾಡ."

"ಆ ಮಾತು ಬೇಡ ಸರ್," ಎಂದಳು ರಾಜೀವಿ. "ಇಲ್ಲಿಂದ ಹೊರಗೆ ಕಾಲಿಟ್ರೆ ಎಲ್ಲಿಗೆ ಹೋಗುದು?"

ಅವಳು ಹಾಳೆಯನ್ನು ಒರೆಸಿದಳು. ಪೆನ್ನು ಎತ್ತಿಕೊಂಡಳು.

"ಬ್ಯಾಡವಾ," ಗೌರವ್ವ ಓಡಿ ಬಂದಳು. "ಹೆಸರು ಕೊಟ್ರ ಮೊದಲ ನಿನ್ನ ಬಾಗಲಾ ಬಡೀತಾರ."

"ಬಡೀಲಿ. ಒಂದಾದ್ರೂ ಹೆಸರು ಬೇಡ್ವಾ ಅಮ್ಮ?"

ಕೇಳಿದ್ದನ್ನೆಲ್ಲ ನಿಧಾನವಾಗಿ ತುಂಬಿ ಸಹಿ ಹಾಕಿದಳು. ಮಡಚಿ ಲಕೋಟೆಗೆ ಸೇರಿಸಿ, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಮುದುಕರಿಬ್ಬರೂ ಕಿಟಕಿಗೆ ಬಂದರು. ಪರದೆ ಸರಿಸಲಿಲ್ಲ, ಸಂದಿಯಲ್ಲಿ ಕಣ್ಣಿಟ್ಟರು. ಬಿಸಿಲ ಬೀದಿಯ ತುದಿಯಲ್ಲಿ ಪೊಲೀಸ್ ಜೀಪು ನಿಂತಿತ್ತು. ರಾಜೀವಿ ಅದರ ಮುಂದೆಯೇ ನೆಟ್ಟಗೆ ನಡೆದು ಹೋದಳು.

ಚನ್ನಬಸಯ್ಯ ಕೆಲಸಕ್ಕಿದ್ದ ಶರ್ಕ್‌ನ ಕಂಪನಿ ಮುಚ್ಚಿ ಇಕಾಮಾ ಕಳೆದುಕೊಂಡ ತಮ್ಮಿಬ್ಬರನ್ನೂ ತನ್ನ ಇಕಾಮಾ ತೋರಿಸಿ ಹಿಡಿದ ಬಾಡಿಗೆಮನೆಯಲ್ಲಿ ಅಡಗಿಸಿಟ್ಟುಕೊಂಡಿರುವ ಆ ಹೆಂಗಸು ಲಕೋಟೆಯನ್ನು ಅಂಚೆ ಡಬ್ಬಿಗೆ ಹಾಕುವುದನ್ನು ಗಂಡ ಹೆಂಡತಿ ನೋಡಿದರು.