ಗಾಳಿಗುಡ್ಡದ ಮಂಡಕ್ಕಿ

"ಇವನ ಕೈಯಾಗಿನ ಮಿರ್ಚಿ ತಿಂತಿದೀರಲ್ಲ ಸರ್, ಆ ಕೈ ನೀರು ಕಂಡು ಎಷ್ಟು ದಿನ ಆತೋ ಕೇಳಿದ್ರಾ? ಜಗಳೂರು ಕಡೆ ಸೊಕ್ಕೆ ಊರೋನು. ಅಲ್ಲಿ ಕುಡಿಯಾಕೇ ನೀರಿಲ್ಲ, ಇನ್ನು ಕೈ ತೊಳಿಯಾಕೆ ಎಲ್ಲಿಂದ ತರ್ತಾರೆ?"

ನ್ಯಾಮತಿ ಕಡೆಯ ಗಾಳಿಗುಡ್ಡದ ತುದಿಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಹತ್ತು ಹನ್ನೆರಡು ಪ್ರವಾಸಿಗರು ಗಾಡಿಯಲ್ಲಿ ಮಂಡಕ್ಕಿ ಮಿರ್ಚಿ ಮಾರುವ ಸಿದ್ದೇಶನ ಕೈಯನ್ನೇ ನೋಡಿದರು. ಕಡ್ಲೆಹಿಟ್ಟು ಮೆತ್ತಿದ ಕೈ. ಒಬ್ಬಾಕೆ ಅರ್ಧ ಕಚ್ಚಿದ ಮಿರ್ಚಿಯನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದಳು. ಮಾತಾಡಿದವನು ರೆಸಾರ್ಟಿನ ರಂಗನಾಥ್, ಗುಡ್ಡದ ವ್ಯಾಪಾರಸ್ಥರ ಸಂಘದ ಅಧ್ಯಕ್ಷ. ನಿಂತಿದ್ದವರೆಲ್ಲ ಅವನ ರೆಸಾರ್ಟಿನ ಗಿರಾಕಿಗಳೇ. ಅಲ್ಲಿ ಟೀ ಜೊತೆ ಪುಕ್ಕಟೆ ಇಟ್ಟ ಮಂಡಕ್ಕಿಯನ್ನು ಮೂಸಿಯೂ ನೋಡದೆ, ಕಾಸು ಕೊಟ್ಟು ಇಲ್ಲಿ ತಿನ್ನುತ್ತಿದ್ದರು. ಅದು ಅವನ ಹೊಟ್ಟೆಯುರಿ.

ಈ ಗುಡ್ಡದ ಮಂಜಿಗೆ ಮಂಡಕ್ಕಿ ಹತ್ತೇ ನಿಮಿಷದಲ್ಲಿ ಒದ್ದೆ ಹತ್ತಿಯಾಗುತ್ತದೆ. ಸಿದ್ದೇಶ ಮಾತ್ರ ಚೀಲವನ್ನು ಸ್ಟವ್ವಿನ ಮೇಲೆ, ಗಾಡಿಯ ತಗಡು ಚಾವಣಿಯ ಕೊಕ್ಕೆಗೆ ನೇತುಹಾಕಿ ಸದಾ ಬಿಸಿ ತಾಗುವಂತೆ ಇಡುತ್ತಿದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬುದ್ಧಿ. ಮೂರು ವರ್ಷದಿಂದ ಅವನ ಸಂಸಾರಕ್ಕೆ ಅನ್ನ ಹಾಕಿದ್ದು ಅದೇ ಕೊಕ್ಕೆ.

"ನಾಳೆಯಿಂದ ಹೊರಗಿನೋರ ಗಾಡಿ ಇಲ್ಲಿ ನಿಲ್ಲಂಗಿಲ್ಲ. ಗುಡ್ಡ ಗುಡ್ಡದೋರಿಗೆ. ಸಂಘದ ತೀರ್ಮಾನ," ಎಂದ ರಂಗನಾಥ್.

ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದ ಮುದುಕಿ ಮೂಕಮ್ಮ ಹುಟ್ಟಿದ್ದು ಇದೇ ಗುಡ್ಡದಲ್ಲಿ. ಅವಳ ದನ ಮೇಯುತ್ತಿದ್ದ ಜಾಗದಲ್ಲೇ ರೆಸಾರ್ಟ್ ಎದ್ದಿತ್ತು.

"ಹಂಗಾರೆ ನಾನೊಬ್ಬಳೇ ಉಳೀತೀನಲ್ಲೋ ರಂಗನಾಥಪ್ಪ," ಎಂದಳು, ಸೌತೆ ಹೋಳುಗಳಿಗೆ ಉಪ್ಪುಖಾರ ಸವರುತ್ತ. "ನೀನು ಸಂತೇಬೆನ್ನೂರೋನು. ಕುದುರೆ ಸವಾರಿ ಮಾಡ್ಸೋ ಪರಮೇಶಂದು ಹೊನ್ನಾಳಿ. ಟೀ ಅಂಗಡಿಯೋನು ಚನ್ನಗಿರಿ. ಇಷ್ಟು ದೊಡ್ಡ ಗುಡ್ಡ ನಾನೊಬ್ಬಳೇ ಕಸ ಹೊಡಿಯಾಕೆ ಆಗ್ತೈತಾ?"

"ನಾನು ಬಂದು ಒಂಬತ್ತು ವರ್ಷ ಆತಜ್ಜಿ."

"ಆ ಮರದಾಗಿನ ಮಂಗ ನಿನಗಿಂತ ಮೊದ್ಲೇ ಬಂದೈತೆ."

ಪ್ರವಾಸಿಗರು ನಕ್ಕರು. ತಟ್ಟೆಯ ಅಂಚಿಗೆ ಹೋಗಿದ್ದ ಮಿರ್ಚಿ ಮತ್ತೆ ಬಾಯಿಗೆ ಬಂತು. ಅದನ್ನು ನೋಡಿದ ರಂಗನಾಥ್ ಜೀಪಿನಿಂದ ಹಸಿರು ಟೀ ಶರ್ಟೊಂದನ್ನು ತಂದು, ಸಿದ್ದೇಶನನ್ನು ಗಾಡಿಯ ಹಿಂದಕ್ಕೆ ಕರೆದ. ದನಿ ಈಗ ಬೆಣ್ಣೆಯಾಗಿತ್ತು.

"ಬೇಜಾರ್ ಮಾಡ್ಕಬೇಡ ಮಾರಾಯ. ನಾಳೆಯಿಂದ ನಮ್ಮ ಅಡಿಗೆಮನೆಗೆ ಬಂದುಬಿಡು. ಇದೇ ಮಂಡಕ್ಕಿ, ಇದೇ ಮಿರ್ಚಿ. ಹೆಸರು ಮಾತ್ರ ಗುಡ್ಡದ ತಿಂಡಿ. ಯಾರಾದ್ರೂ ಕೇಳಿದ್ರೆ, ನಮ್ಮಜ್ಜನ ಕಾಲದಿಂದ ಇಲ್ಲೇ ಇದೀವಿ ಅನ್ನು. ಪ್ಯಾಟೆ ಜನಕ್ಕೆ ಅದೇ ಬೇಕು."

ಸಿದ್ದೇಶ ಟೀ ಶರ್ಟ್ ಬಿಡಿಸಿ ನೋಡಿದ. ಬೆನ್ನ ಮೇಲೆ ದಪ್ಪಕ್ಷರದಲ್ಲಿ 'ಗುಡ್ಡದ ಮಗ' ಎಂದಿತ್ತು.

"ಮತ್ತೆ ನನ್ ಕೈ?" ಎಂದು ಕೇಳಿದ.

"ಅಡಿಗೆಮನೆ ಒಳಗೆ ಯಾರು ಕೈ ನೋಡ್ತಾರೋ? ಏನಂತೀಯ?"

ಸಿದ್ದೇಶ ಸ್ಟವ್ ಆರಿಸಿದ. ಟೀ ಶರ್ಟನ್ನು ಮಡಿಸಿ ಬಾಣಲೆಯ ಎರಡೂ ಕಿವಿಗೆ ಒತ್ತಿ ಹಿಡಿದು, ಕಾದ ಎಣ್ಣೆಯನ್ನು ಡಬ್ಬಕ್ಕೆ ಬಗ್ಗಿಸಿದ. ಅದರಿಂದಲೇ ಬಾಣಲೆಯ ತಳದ ಮಸಿ ಒರೆಸಿದ. ಆಮೇಲೆ ಅದನ್ನು ಕೊಕ್ಕೆಗೆ, ಮಂಡಕ್ಕಿ ಚೀಲದ ಪಕ್ಕ ಸಿಕ್ಕಿಸಿದ.

"ಲೇ, ಏನಂತೀಯ ಅಂತ ಕೇಳಿದ್ನಲ್ಲ."

ಗಾಡಿ ಇಳಿಜಾರಿಗೆ ತಿರುಗಿತು. ತಳ್ಳುತ್ತಿದ್ದವನು ಹಿಂದೆ ನೋಡಲಿಲ್ಲ. ಮಂಜಿನಲ್ಲಿ ಅವನ ತಲೆಯ ಮೇಲೆ, ಮಸಿ ಬಳಿದುಕೊಂಡ ಗುಡ್ಡದ ಮಗ ಅತ್ತಿತ್ತ ತೂಗಾಡುತ್ತ ಹೋದ.